ಅಡ್ಡಹೆಸರಿನ ಖಾನೆ

ಮೆಣಸಿನಕಾಯಿಯ ತೊಟ್ಟು ಮುರಿಯುವವಳು ತನ್ನ ಕಣ್ಣನ್ನು ತಾನು ಒರೆಸಿಕೊಳ್ಳುವಂತಿಲ್ಲ. ಅಳು ಬಂದರೆ ನೀರು ತಾನಾಗಿ ಹರಿದು ತಾನಾಗಿ ಒಣಗಬೇಕು. ಕೂಸು ಎತ್ತಿಕೊಳ್ಳುವಂತಿಲ್ಲ. ಮನೆಗೆ ಬಂದು ಮಜ್ಜಿಗೆಯಲ್ಲಿ ಕೈ ಅದ್ದಿ, ಬೂದಿ ತಿಕ್ಕಿ, ಎಣ್ಣೆ ಸವರಿದರೂ ಬೆರಳ ಸಂದಿಯಲ್ಲಿ ಕೆಂಡ ಕೂತೇ ಇರುತ್ತದೆ. ಒಂದಕ್ಕೆ ಕೂತರೆ ಅಲ್ಲಿಯೂ ಉರಿ. ಹಲಗೇರಿಯ ಕೇರಿಯ ಗುತ್ತೆವ್ವನ ಮೈಯಲ್ಲಿ ಈ ಉರಿ ಹನ್ನೆರಡು ವರ್ಷದಿಂದ ಮನೆ ಮಾಡಿತ್ತು.

ನಸುಕಿನಲ್ಲಿ ಟೆಂಪೋ ಬರುತ್ತಿತ್ತು. ಕುರಿ ತುಂಬಿದ ಹಾಗೆ ಮೂವತ್ತು ಹೆಣ್ಣುಮಕ್ಕಳು. ಬ್ಯಾಡಗಿಯ ದಲಾಲಿ ಹೇಮಪ್ಪ ಸಾವುಕಾರರ ಗೋದಾಮಿನಲ್ಲಿ ಇಳಿದು ಗೋಣಿತಟ್ಟಿನ ಮೇಲೆ ಕೂತರೆ ಸಂಜೆಗೇ ಏಳಬೇಕು. ಒಂದು ಕೈಯಲ್ಲಿ ಕಾಯಿ, ಇನ್ನೊಂದು ಕೈಯ ಹೆಬ್ಬೆರಳ ಉಗುರಿಗೆ ತೊಟ್ಟು. ಚಟ್. ಚಟ್. ಚಟ್. ಮುರಿದ ಕಾಯಿಯ ತೂಕಕ್ಕೆ ಕೂಲಿ. ಕೆಮ್ಮಿಗೆ ಕೂಲಿ ಇಲ್ಲ.

ಸಂಜೆ ಬಾಗಿಲಲ್ಲಿ ಹೇಮಪ್ಪ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಹೊರಗೆ ಹೋಗುವ ಒಬ್ಬೊಬ್ಬಳೂ ಅವನ ಮುಂದೆ ನಿಂತು ಸೆರಗು ಬಿಚ್ಚಿ ಉಡಿ ಜಾಡಿಸಬೇಕು. ಕಾಯಿ ಕದ್ದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಲೋಕದಲ್ಲಿ ಹೆಣ್ಣಿಗೆ ಉಡಿ ತುಂಬಿ ಕಳಿಸುತ್ತಾರೆ, ಅಕ್ಕಿ ಕೊಬ್ಬರಿ ಕುಬಸ ಇಟ್ಟು ನೂರು ವರ್ಷ ಬಾಳು ಎನ್ನುತ್ತಾರೆ. ಇಲ್ಲಿ ದಿನವೂ ಜಾಡಿಸಿ ಕಳಿಸುತ್ತಿದ್ದರು.

"ಇನ್ನೊಮ್ಮೆ ಜಾಡ್ಸು. ಬೀಜ ಉದುರೂ ಹಾಂಗ ಜಾಡ್ಸು."

"ಈ ಉಡ್ಯಾಗ ಏಳು ಹಡದೇನ್ರಿ ಸಾವ್ಕಾರ್ರ," ಎಂದು ಅಕ್ಬರಬಿ ಒಮ್ಮೆ ಅಂದಿದ್ದಳು. ಗುತ್ತೆವ್ವನ ಪಕ್ಕದ ತಟ್ಟಿನಲ್ಲಿ ಕೂರುವವಳು ಅವಳು. "ಒಂದರ ಕೈಯಾಗನೂ ಮೆಣಸಿನಕಾಯಿ ಇರಲಿಲ್ಲ ನೋಡ್ರಿ."

ಹೆಂಗಸರು ನಕ್ಕರು. ಅಕ್ಬರಬಿಯ ಅರ್ಧ ದಿನದ ಕೂಲಿ ಹೋಯಿತು. ಹೇಮಪ್ಪನಿಗೆ ಅವಳ ಹೆಸರು ಗೊತ್ತಿತ್ತು ಎಂದಲ್ಲ. ಅವನಿಗೆ ಯಾರ ಹೆಸರೂ ಬೇಕಿರಲಿಲ್ಲ. "ಏ ಹಲಗೇರಿ ಟೆಂಪೋ" ಅಂದರೆ ಮೂವತ್ತು ಜನವೂ ತಿರುಗಿ ನೋಡುತ್ತಿದ್ದರು.

ಗುತ್ತೆವ್ವನಿಗೆ ಒಂದೆಕರೆ ಹೊಲವಿತ್ತು. ಮಾವನ ಕಾಲಕ್ಕೆ ಸರಕಾರ ಕೊಟ್ಟದ್ದು. ಕಲ್ಲು ಆರಿಸಿ ಆರಿಸಿ ಗಂಡ ಮೈಲಾರೆಪ್ಪನ ಸೊಂಟ ಹೋಗಿತ್ತು, ಹೊಲ ಎದ್ದು ಕೂತಿತ್ತು. ಕಡ್ಡಿ ಮೆಣಸಿನಕಾಯಿ ಬೆಳೆದರೆ ಕೈಯಗಲದ ನೆಲವೂ ಕೆಂಪು. ಆದರೆ ಆ ಕಾಯಿಯನ್ನು ಹೇಮಪ್ಪನ ಅಂಗಡಿಗೇ ಒಯ್ಯಬೇಕು. ಅವನು ಅದನ್ನು ಮುಂದಿನ ಸಾಲಿಗೆ ಸುರಿಸುತ್ತಿರಲಿಲ್ಲ. ಹಿಂದೆ, ನಲ್ಲಿಯ ಹತ್ತಿರ, ಹಮಾಲರು ಎಲೆಯಡಿಕೆ ಉಗುಳುವ ಮೂಲೆಗೆ. ಕೇರಿಯವರ ಕಾಯಿ ಎಂದು ಯಾರೂ ಬಾಯಿ ಬಿಟ್ಟು ಹೇಳಬೇಕಿರಲಿಲ್ಲ. ಮೂಲೆಯೇ ಹೇಳುತ್ತಿತ್ತು. ಖರೀದಿದಾರರು ಆ ಕಡೆ ಬರುತ್ತಿರಲಿಲ್ಲ.

ಮಧ್ಯಾಹ್ನ ಹೇಮಪ್ಪ ಬಂದು, "ನಿಮ್ಮ ಕಾಯಿಗೆ ಯಾರೂ ರೇಟಿನ ಚೀಟಿ ಹಾಕಲಿಲ್ಲ ನೋಡಬೇ. ಇರ್ಲಿ ಬಿಡು, ಹೊತ್ಕೊಂಡು ಎಲ್ಲಿ ಹೋಗ್ತಿ. ನಾನ ಇಟ್ಕೊಂತೇನಿ," ಅನ್ನುತ್ತಿದ್ದ. ಕೊಟ್ಟಷ್ಟು ಕೊಡುತ್ತಿದ್ದ.

ಹೋದ ವರ್ಷ ಹೀಗೆ ಕೊಟ್ಟು ಬಂದ ನಾಲ್ಕನೇ ದಿನ, ಗೋದಾಮಿನಲ್ಲಿ ಅವಳ ಮುಂದೆ ಒಂದು ಚೀಲ ಸುರಿದರು. ಗುತ್ತೆವ್ವ ಒಂದು ಕಾಯಿ ಎತ್ತಿದಳು. ಇಟ್ಟಳು. ಇನ್ನೊಂದು ಎತ್ತಿದಳು. ಹೆತ್ತವಳಿಗೆ ಗುರುತು ಹೇಳಿಕೊಡಬೇಕೇ? ಚೀಲದ ಬಾಯಿಗೆ ಅವಳ ಹಳೆಯ ಸೀರೆಯ ಅಂಚಿನ ದಾರವೇ ಇತ್ತು. ಮೊದಲ ದರ್ಜೆಯ ಮಾಲು, ಹುಷಾರಾಗಿ ಮುರೀರಿ ಎಂದು ಗುಮಾಸ್ತ ಹೇಳಿ ಹೋದ. ಆ ದಿನ ಅವಳು ತನ್ನ ಕಾಯಿಯನ್ನು ತಾನೇ ಕೂಲಿಗೆ ಕೂತು ಮುರಿದಳು. ಸಂಜೆ ಉಡಿ ಜಾಡಿಸಿ ಮನೆಗೆ ಬಂದಳು.

ಎರಡು ಸಾವಿರದ ಒಂಬತ್ತನೇ ಇಸವಿ, ಜನವರಿ. ಹಲಗೇರಿಗೆ 'ಕೆಂಪುಸಿರಿ' ಎಂಬ ಕಂಪನಿಯವರು ಬಂದರು. ಶಾಲೆಯ ಕೋಣೆಯಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಅದರ ಮೇಲೆ ಬೆಳಕು ಬಿಟ್ಟು, ಮನೋಹರ ಎಂಬ ಹಾವೇರಿಯ ಹುಡುಗ ಮಾತಾಡಿದ. ಇಸ್ತ್ರಿ ಅಂಗಿ, ಒಳ್ಳೆಯ ಮಾತು.

"ಇನ್ನ ಮುಂದ ಪ್ಯಾಟಿ ನಿಮ್ಮ ಹಂತೇಕ ಬರ್ತೈತ್ರಿ. ಕೊಚ್ಚಿಯಾವ ಇರ್ಲಿ, ಇಂದೂರಾವ ಇರ್ಲಿ, ಕುಂತಲ್ಲೇ ನಿಮ್ಮ ಕಾಯಿ ನೋಡ್ತಾನ, ಕುಂತಲ್ಲೇ ರೇಟ್ ಹಾಕ್ತಾನ. ಒಬ್ಬಾವ ಕಡಿಮಿ ಹಾಕಿದ್ರ ಇನ್ನೊಬ್ಬಾವ ಹೆಚ್ಚಿಗಿ ಹಾಕ್ತಾನ. ರೊಕ್ಕ ಸೀದಾ ಬ್ಯಾಂಕಿಗೆ. ನಡಬರಕ ಕೈ ಚಾಚಾವ ಯಾವನೂ ಇಲ್ಲ. ಇದಕ್ಕ ಆನ್‌ಲೈನ್ ಅಂತಾರ."

ಕೇರಿಯವರು ಒಳಗೆ ಹೋಗಿರಲಿಲ್ಲ. ಕಿಟಕಿಯ ಹೊರಗೆ ನಿಂತಿದ್ದರು. ಹೊರಗೆ ನಿಂತು ಕೇಳುವುದು ಗುತ್ತೆವ್ವನಿಗೆ ಹೊಸದಲ್ಲ. ಶ್ರಾವಣದಲ್ಲಿ ಗುಡಿಯೊಳಗೆ ಪುರಾಣ ಓದಿಸುತ್ತಾರೆ. ಮೂವತ್ತು ವರ್ಷದಿಂದ ಅವಳು ಗಟಾರದ ಈಚೆ, ಮೈಕಿನ ತುತ್ತೂರಿಯ ಕೆಳಗೆ ಕೂತು ಕೇಳಿದ್ದಾಳೆ. ಪದ್ಯಕ್ಕೆ ಪದ್ಯ ಬಾಯಿಗೆ ಬರುತ್ತದೆ. ಓದುವವರ ಮುಖ ಹೇಗಿದೆ ಎಂದು ಮಾತ್ರ ಗೊತ್ತಿಲ್ಲ.

ಅವಳು ಕಿಟಕಿಯ ಸರಳು ಹಿಡಿದು ಕೇಳಿದಳು. "ಸಾಹೇಬ್ರ, ಕೊಳ್ಳಾವ್ರಿಗೆ ನಾವು ಕಾಣ್ತೀವೇನ್ರಿ?"

ಒಳಗಿನವರು ನಕ್ಕರು. ಮನೋಹರನಿಗೆ ಆ ಪ್ರಶ್ನೆ ಯಾಕೆ ಎಂದು ತಿಳಿಯಲಿಲ್ಲ. "ಇಲ್ಲಬೇ ಯವ್ವಾ. ನಿಮ್ಮ ಕಾಯಿ ಕಾಣ್ತಾವ. ನೀವು ಕಾಣೂದಿಲ್ಲ."

ಅಷ್ಟು ಸಾಕಾಯಿತು ಅವಳಿಗೆ.

ಮೈಲಾರೆಪ್ಪ ನಂಬಲಿಲ್ಲ. ಭಜನೆಯಲ್ಲಿ ದಮ್ಮಡಿ ಬಾರಿಸುವವನು. ಎಲ್ಲಕ್ಕೂ ಅವನ ಹತ್ತಿರ ಒಂದು ಪದ ಇರುತ್ತಿತ್ತು. "ಮಳಿಗೆ ಕೇರಿ ಇಲ್ಲ, ಬಿಸಲಿಗೆ ಕುಲ ಇಲ್ಲ, ಮಾರಾಕ ಹೋದ್ರ ಎಲ್ಲಾ ಐತಿ," ಎಂದು ಎಳೆದು ಹಾಡಿದ. "ಮಷಿನ್ ಮಾಡಿದಾವಾದ್ರೂ ಯಾವನೋ ಒಬ್ಬ ಮನಶ್ಯಾನ ಅಲ್ಲೇನು?"

"ಪದಾ ಹಾಡಿ ಹಾಡಿ ನೀ ಸೊಂಟಾ ಮುರಕೊಂಡಿ. ಈ ಸಲ ಕಾಯಿ ನನ್ನ ಹೆಸರಲೇ ಹೋಗ್ಲಿ. ಒಂದು ಸುಗ್ಗಿ ನೆಟ್ಟಗ ಮಾರಿದ್ರ ಸಾಕು, ಮತ್ತ ಆ ಗೋದಾಮಿನ್ಯಾಗ ಕುಂದ್ರೂದಿಲ್ಲ ನಾ. ಕೈ ತಣ್ಣಗಾಗೂದು ಅಂದ್ರ ಹ್ಯಾಂಗಿರತೈತಿ, ಮರತ ಹೋಗೈತಿ ನನಗ."

ಮೂರು ದಿನ ಕೂಲಿ ಬಿಟ್ಟಳು. ಮಾಳಿಗೆಯ ಮೇಲೆ ಕಾಯಿ ಹರವಿ ಒಂದೊಂದನ್ನೂ ಮುಟ್ಟಿ ನೋಡಿದಳು. ಬಿಳಿಚಿದ್ದು ಬೇರೆ, ಚುಕ್ಕೆ ಬಿದ್ದದ್ದು ಬೇರೆ, ಮುರುಕು ಬೇರೆ. ಹನ್ನೆರಡು ವರ್ಷ ಪರರ ಕಾಯಿ ಆರಿಸಿದ ಕೈ ಮೊದಲ ಸಲ ತನ್ನ ಕಾಯಿ ಆರಿಸಿತು. ನಾಲ್ಕು ಚೀಲ ಆಯಿತು.

ಕೆಂಪುಸಿರಿಯ ಕೇಂದ್ರ ಎಲ್ಲಿದೆ ಎಂದು ಹುಡುಕಿಕೊಂಡು ಹೋದರೆ, ಅದು ಹೇಮಪ್ಪನ ಗೋದಾಮಿನ ಮುಂಭಾಗವೇ ಆಗಿತ್ತು. ಕಂಪನಿ ಅದನ್ನು ಬಾಡಿಗೆಗೆ ಹಿಡಿದಿತ್ತು. ತೂಕದ ಕಾಟಾ ಅವನದು. ತೇವ ನೋಡುವ ಯಂತ್ರಕ್ಕೆ ಕೂತವನು ಅವನ ಗುಮಾಸ್ತ. ಮೈಲಾರೆಪ್ಪ ಹೆಂಡತಿಯ ಮುಖ ನೋಡಿದ. ಏನೂ ಹಾಡಲಿಲ್ಲ.

ಮೇಜಿನ ಹಿಂದೆ ರಾಣೇಬೆನ್ನೂರಿನ ಸುಶ್ಮಿತಾ ಎಂಬ ಹುಡುಗಿ ಕಂಪ್ಯೂಟರಿಗೆ ಹೆಸರು ಬರೆಯುತ್ತಿದ್ದಳು. ಗುತ್ತೆವ್ವ ಕೊಟ್ಟ ಮತದಾರರ ಚೀಟಿ ನೋಡಿದಳು. 'ಗುತ್ತೆವ್ವ ಮೈಲಾರೆಪ್ಪ ಮಾದರ.' ಆಚೆ ಈಚೆ ನೋಡಿ ದನಿ ಇಳಿಸಿದಳು.

"ಅಕ್ಕಾರ, ಇಲ್ಲಿ ಅಡ್ಡಹೆಸರಿನ ಖಾನೆ ಐತ್ರಿ. ಖಾಲಿ ಬಿಟ್ರ ಮುಂದಕ್ಕ ಹೋಗೂದಿಲ್ಲ. ಊರಿನ ಹೆಸರು ಹಾಕ್ಲೇನ್ರಿ? ಭಾಳ ಮಂದಿ ಹಾಂಗ ಹಾಕಸ್ತಾರ."

ಹುಡುಗಿಯ ಮನಸ್ಸಿನಲ್ಲಿ ಕೇಡು ಇರಲಿಲ್ಲ. ಒಳ್ಳೆಯದಾಗಲಿ ಎಂದೇ ಕೇಳಿದಳು.

"ಏನರ ಹಾಕವ್ವ. ಕಾಯಿ ಮಾರಿದ್ರ ಸಾಕು."

ಹೀಗೆ ಅವಳು ಗುತ್ತೆವ್ವ ಹಲಗೇರಿ ಆದಳು. ಈ ಸೀಮೆಯಲ್ಲಿ ಊರಿನ ಹೆಸರನ್ನು ಅಡ್ಡಹೆಸರು ಮಾಡಿಕೊಂಡವರು ಬಹಳ. ಹೆಚ್ಚಾಗಿ ಅವರು ಹೊಲ ಮನೆ ಇದ್ದವರು, ಗುಡಿಯ ಒಳಗೆ ಕೂತು ಪುರಾಣ ಕೇಳುವವರು. ಒಂದು ಖಾನೆ ತುಂಬಿದ್ದರಿಂದ ಅವಳ ನಾಲ್ಕು ಚೀಲ ಮುಂದಿನ ಸಾಲಿಗೆ ಬಂದವು. ಗುಮಾಸ್ತ ಚೀಲಕ್ಕೆ ಯಂತ್ರದ ಕಡ್ಡಿ ಚುಚ್ಚಿ ನೋಡಿ ಬರೆದ: ಒಣಗಿದ್ದು ಚೆನ್ನಾಗಿದೆ, ಬಣ್ಣ ಉತ್ತಮ. ನಂಬರ್ ನಲವತ್ತೊಂದು.

ಮಧ್ಯಾಹ್ನ ಗೋಡೆಗೆ ಏರಿಸಿದ್ದ ದೊಡ್ಡ ಟೀವಿಯಲ್ಲಿ ಹೆಸರುಗಳೂ ದರಗಳೂ ಓಡಿದವು. ನಲವತ್ತೊಂದರ ಮುಂದಿನ ಅಂಕಿ ಏರುತ್ತ ಹೋಯಿತು. ಕೊಚ್ಚಿಯವನು ಒಂದು ಹಾಕಿದ. ಇಂದೂರಿನವನು ಅದರ ಮೇಲೆ ಹಾಕಿದ. ಮನೋಹರ ಹೇಳಿದ್ದು ಖರೇ ಇತ್ತು. ಒಂದಿಷ್ಟೂ ಸುಳ್ಳಿರಲಿಲ್ಲ. ಕಾಣದವರು ಕಾಯಿ ನೋಡಿದರು, ಕಾಯಿಗೆ ತಕ್ಕ ಬೆಲೆ ಕೊಟ್ಟರು. ಆ ದಿನಕ್ಕೆ ಎಲ್ಲರಿಗಿಂತ ಹೆಚ್ಚಿನ ದರ ಅದೇ.

ಅತಿ ಹೆಚ್ಚು ದರ ಪಡೆದವರಿಗೆ ಶಾಲು, ಹಾರ, ಒಂದು ಫೋಟೋ. ಆ ಫೋಟೋ ಕಂಪನಿಯ ವೆಬ್‌ಸೈಟಿಗೆ. ಆನ್‌ಲೈನ್ ವ್ಯಾಪಾರದಿಂದ ರೈತ ಮೇಲೆ ಬಂದ ಎಂದು ಊರೂರಿಗೆ ತೋರಿಸಲು. ಹಾರ ಹಾಕುವ ಅತಿಥಿ ಹೇಮಪ್ಪ. ಮೈಕಿನಲ್ಲಿ ಗುತ್ತೆವ್ವ ಹಲಗೇರಿ ಎಂದು ಕರೆದರು.

"ಹಲಗೇರಿಯವರೇನು? ಹಳೇ ಮನಿತನ," ಎಂದ ಹೇಮಪ್ಪ ಮೈಕಿನ ಪಕ್ಕದಲ್ಲಿ ನಿಂತು. "ಏ, ಕುರ್ಚಿ ಒರಸ್ರಲೇ. ಹಿರೇರು ಬರ್ತಾರ."

ಕುರ್ಚಿ ಒರೆಸಿದರು. ಗುತ್ತೆವ್ವ ಎದ್ದು ಬಂದಳು. ಬರಿಗಾಲು, ಹರಿದ ಕುಬಸ.

ಹಾರ ಹಿಡಿದ ಹೇಮಪ್ಪ ಅವಳ ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡಿದ. ಯಾರೂ ಇರಲಿಲ್ಲ.

"ನೀ ಯಾಕ ಬಂದೀ? ನಿಮ್ಮ ಧಣೇರು ಎಲ್ಲೆದಾರ? ಕರಿ ಅವ್ರನ್ನ."

"ಧಣೇರು ಯಾರೂ ಇಲ್ರಿ. ನಾನ ಗುತ್ತೆವ್ವ. ಕಾಯಿ ನಂದು."

"ಏನಂದಿ?"

"ಕಾಯಿ ನಂದ್ರಿ."

ಆಗ ಅವನಿಗೆ ಗುರುತು ಹತ್ತಿತು. ಹಾರ ಹಿಡಿದ ಕೈ ಹಿಂದಕ್ಕೆ ಹೋಯಿತು. ಹಾವು ಕಂಡವನ ಹಾಗೆ ಎರಡು ಹೆಜ್ಜೆ ತಾನೂ ಹಿಂದೆ ಹೋದ. ಯಾರೋ ಕುರ್ಚಿ ಎಳೆದುಕೊಂಡರು. ಅಲ್ಲೇ ಕೂತಿದ್ದ ಊರಿನ ಖರೀದಿದಾರರ ಕಡೆಯಿಂದ ಒಂದು ನಗೆ ಎದ್ದಿತು. ಆ ನಗೆ ಅವಳ ಮೇಲಿನದೋ ಹೇಮಪ್ಪನ ಮೇಲಿನದೋ ತಿಳಿಯಲಿಲ್ಲ. ಹೇಮಪ್ಪನಿಗೆ ಮಾತ್ರ ತನ್ನ ಮೇಲೆಯೇ ಅನಿಸಿತು.

"ತೊಟ್ಟು ಮುರ್ಯಾಕ ಬರೂ ಹೆಂಗಸು. ಈಕಿಗೆ ನಾಲ್ಕು ಚೀಲ ಕಾಯಿ ಎಲ್ಲಿಂದ ಬಂದಾವ?" ಮೈಕು ಹತ್ತಿರವೇ ಇತ್ತು, ಮಾತು ಅಂಗಳಕ್ಕೆಲ್ಲ ಕೇಳಿತು. ವರ್ಷಾ ವರ್ಷಾ ಅವಳ ಹೊಲದ ಕಾಯಿ ಇಟ್ಟುಕೊಂಡವನು ತಾನೇ ಎಂಬುದು ಅವನಿಗೆ ಈಗ ನೆನಪಾಗಬೇಕಿರಲಿಲ್ಲ. "ನನ್ನ ಗೋದಾಮಿನ ಮಾಲು ಇದು. ದಿನಾ ಉಡ್ಯಾಗ ಒಯ್ದು ಒಯ್ದು ರಾಶಿ ಹಾಕ್ಯಾಳ."

ಗುತ್ತೆವ್ವನ ಗಂಡ ಸೆರಗು ಹಿಡಿದು ಜಗ್ಗಿದ. ಅವಳು ಸೆರಗು ಬಿಡಿಸಿಕೊಂಡಳು.

"ಹನ್ನೆರಡು ವರ್ಷ ದಿನಾ ಸಂಜಿಕ ನಿನ್ನ ಮುಂದ ಉಡಿ ಜಾಡಿಸೇನಿ," ಅಂದಳು. 'ರಿ' ಎಂಬುದು ಬಾಯಿಂದ ಹೋಗಿತ್ತು. "ಒಮ್ಮೆ ಅಲ್ಲ, ಎರಡೆರಡ ಸಲ ಜಾಡಸೀದಿ. ಕುರ್ಚಿ ಹಾಕ್ಕೊಂಡು ಕುಂತು, ಕಣ್ಣ ತೆರಕೊಂಡು ನೋಡೀದಿ. ಹಂಗಾರ ಅಷ್ಟೂ ವರ್ಷ ನೀ ಏನ್ ನೋಡಿದೆಪಾ? ಕಾಯಿ ನೋಡಲಿಲ್ಲ ಅಂದ್ರ ಮತ್ತ ಏನ್ ನೋಡ್ತಿದ್ದಿ?"

ಗೋದಾಮಿನ ಬಾಗಿಲಲ್ಲಿ ಅಕ್ಬರಬಿ, ಅವಳ ಹಿಂದೆ ಉಳಿದ ಹೆಂಗಸರು ಬಂದು ನಿಂತಿದ್ದರು. ಹಮಾಲನೊಬ್ಬ ಮುಖ ತಿರುಗಿಸಿ ನಕ್ಕ.

ಮನೋಹರ ಓಡಿ ಬಂದು ಅವಳನ್ನು ಮೇಜಿನ ಹತ್ತಿರ ಕರೆದೊಯ್ದ. ಬೆವರು ಒರೆಸಿಕೊಂಡ. ಅವನು ಕೆಟ್ಟವನಲ್ಲ. ಕೆಟ್ಟವನಲ್ಲದೆ ಇರುವುದಕ್ಕೆ ಅವನಿಗೆ ಖರ್ಚೂ ಇರಲಿಲ್ಲ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಕಳ್ಳತನದ ಮಾತು ಅವ್ರು ಬಿಡ್ತಾರ, ನಾ ಬಿಡಸ್ತೇನಿ. ರೇಟು ನಿಮ್ದ, ರೊಕ್ಕಾನೂ ನಿಮಗ ಮುಟ್ತೈತಿ. ಒಂದು ಸಣ್ಣ ಕರೆಕ್ಷನ್ ಅಷ್ಟ. ನಂಬರ್ ನಲವತ್ತೊಂದು ಸಾವ್ಕಾರ್ರ ಹೆಸರಿನ್ಯಾಗ ಹಾಕೂಣು. ಫೋಟೋನೂ ಅವ್ರದ ಇರ್ಲಿ. ಒಂದು ಬಟನ್, ಮುಗೀತು."

"ಕಾಯಿ?"

"ಕಾಯಿ ನಿಮ್ದ ಅಲ್ರೀ, ನನಗ ಗೊತ್ತೈತಿ."

"ನಿನಗ ಗೊತ್ತಿದ್ರ ಅದರಾಗ ಯಾಕ ಬರ್ಯಾಕ ಬರೂದಿಲ್ಲ?"

ಮನೋಹರ ಮೇಜಿನ ಮೇಲಿನ ಕಾಗದ ಸರಿಮಾಡಿದ.

ಮೈಲಾರೆಪ್ಪ ಅವಳ ಕಿವಿಯ ಹತ್ತಿರ ಬಗ್ಗಿದ. ಅವನ ದನಿಯಲ್ಲಿ ಹಾಡು ಇರಲಿಲ್ಲ. "ಹೂಂ ಅನ್ನು ಹುಚ್ಚೀ. ರೊಕ್ಕ ಬರ್ತೈತಿ. ಗೋದಾಮು ತಪ್ಪತೈತಿ. ಹೆಸರಿನ್ಯಾಗ ಏನೈತಿ, ತಿನ್ನಾಕ ಬರ್ತೈತೇನು?"

ಅವಳು ಟೀವಿ ನೋಡಿದಳು. ಅಕ್ಷರ ಬಾರದು. ಆದರೂ ನಲವತ್ತೊಂದರ ಸಾಲು ಯಾವುದು ಎಂದು ಮಧ್ಯಾಹ್ನದಿಂದ ಗುರುತು ಹಿಡಿದಿದ್ದಳು. ಅಲ್ಲಿ ಬರೆದದ್ದು ತನ್ನ ಹೆಸರೂ ಅಲ್ಲ ಎಂಬುದು ಈಗ ಹೊಳೆಯಿತು. ಕುರ್ಚಿ ಒರೆಸಿದ್ದು ಆ ಹೆಸರಿಗೆ. ಮುಂದಿನ ಸಾಲು ಆ ಹೆಸರಿಗೆ. ಅಡಗಿ ನಿಂತು ಗೆದ್ದದ್ದನ್ನು ಈಗ ಹೇಮಪ್ಪನಿಗೆ ಕೊಟ್ಟು, ಅವನ ಬೆನ್ನ ಹಿಂದೆ ಇನ್ನೊಮ್ಮೆ ಅಡಗಿ, ರೊಕ್ಕ ಎಣಿಸಿಕೊಂಡು ಹೋಗಬೇಕು. ನಲ್ಲಿಯ ಹತ್ತಿರದ ಆ ಮೂಲೆಗೂ ಇದಕ್ಕೂ ಏನು ಫರಕು?

"ತಂಗೀ," ಎಂದು ಸುಶ್ಮಿತಾಳನ್ನು ಕರೆದಳು. "ಚೀಟ್ಯಾಗ ಇದ್ದದ್ದು ಹಾಕು. ಆ ಖಾನ್ಯಾಗ ಮಾದರ ಅಂತ ಬರಿ."

ಸುಶ್ಮಿತಾಳ ಬೆರಳು ನಿಂತವು. "ಅಕ್ಕಾರ, ಸಾವ್ಕಾರ್ರ ಹೆಸರು ಮೊದಲ ಇದರಾಗ ಐತ್ರಿ, ಅದಕ್ಕ ಹಾಕಿದ್ರ ರೇಟು ಉಳೀತೈತಿ. ಹೊಸಾ ಹೆಸರು ಹಾಕಿದ್ರ ಈ ರೇಟು ರದ್ದಾಗತೈತ್ರಿ. ಮತ್ತ ಹೊಸದಾಗಿ ತೇವ ನೋಡಬೇಕು, ಹೊಸದಾಗಿ ಹಾಕಬೇಕು. ಈ ರೇಟು ಮತ್ತ ಬರ್ತೈತೋ ಇಲ್ಲೋ."

"ತಿಳೀತು. ಬರಿ."

"ಗುತ್ತಿ!" ಎಂದ ಮೈಲಾರೆಪ್ಪ.

"ನನ್ನ ಕಾಯಿ ನಾ ಕೊಡೂದಿಲ್ಲ, ಅಂವಗೂ ಕೊಡೂದಿಲ್ಲ, ಆ ಹಲಗೇರಿಯವ್ರಿಗೂ ಕೊಡೂದಿಲ್ಲ. ಬರಿ ಅಂದ್ನೆಲ್ಲ."

ಸುಶ್ಮಿತಾ ಬರೆದಳು. ನಲವತ್ತೊಂದರ ಮುಂದಿನ ದರ ಅಳಿಸಿ ಹೋಯಿತು.

ಮರುದಿನ ಅದೇ ಗುಮಾಸ್ತ ಅದೇ ನಾಲ್ಕು ಚೀಲಕ್ಕೆ ಅದೇ ಕಡ್ಡಿ ಚುಚ್ಚಿದ. ಬರೆದ: ತೇವ ಹೆಚ್ಚು, ಬಣ್ಣ ಸಾಧಾರಣ. ಒಂದು ರಾತ್ರಿಯಲ್ಲಿ ಇಬ್ಬನಿಯೂ ಬಿದ್ದಿರಲಿಲ್ಲ. ಬದಲಾದದ್ದು ಹೆಸರೊಂದೇ.

ಗುತ್ತೆವ್ವ ಚೀಲದಿಂದ ಒಂದು ಹಿಡಿ ತೆಗೆದು ಮನೋಹರನ ಕಿವಿಯ ಹತ್ತಿರ ಹಿಡಿದು ಹಿಸುಕಿದಳು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಬೀಜ ಅವನ ಅಂಗಿಯ ಮೇಲೆ ಉದುರಿದವು.

"ಹಸೀ ಕಾಯಿ ಹಿಂಗ ಮಾತಾಡ್ತಾವೇನ್ರಿ ಸಾಹೇಬ್ರ?"

"ಯಂತ್ರ ಹೇಳಿದ್ದು ಅಕ್ಕಾರ," ಎಂದ ಅವನು, ತನ್ನ ಬೂಟು ನೋಡುತ್ತ.

ಯಂತ್ರದ ಕಾಗದ ಕೊಚ್ಚಿಗೂ ಹೋಯಿತು, ಇಂದೂರಿಗೂ ಹೋಯಿತು. ಆನ್‌ಲೈನಿನ ವೇಗ ಅಂಥದು. ಸುಳ್ಳೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸಾವಿರ ಮೈಲಿ ಮುಟ್ಟುತ್ತದೆ. ಯಾರೂ ದರ ಹಾಕಲಿಲ್ಲ. ಊರಿನ ಖರೀದಿದಾರರು ಹೆಸರು ಓದಿದರು, ಹಾಕಲಿಲ್ಲ. ಗೋದಾಮಿನ ಕೂಲಿಗೆ ಬರಬೇಡ ಎಂದು ಹೇಮಪ್ಪ ಹೇಳಿ ಕಳಿಸಿದ. ಟೆಂಪೋದವನೂ ಹತ್ತಿಸಿಕೊಳ್ಳಲಿಲ್ಲ. ಬಸ್ಸಿಗೆ ರೊಕ್ಕ ಕೊಟ್ಟು ಬಂದಳು.

ಮಾರಾಟವಾಗದ ಮಾಲಿನ ಹೆಸರು ಏಳು ದಿನ ಟೀವಿಯಲ್ಲಿ ಇರಬೇಕು. ಇದು ಕಂಪನಿಯೇ ಮಾಡಿದ ರೂಲು. ಗುತ್ತೆವ್ವ ದಿನಾ ಬಂದು ಟೀವಿಯ ಕೆಳಗೆ ನೆಲದ ಮೇಲೆ ಕೂರುತ್ತಿದ್ದಳು. ಚೀಲ ಮಾತ್ರ ಈಗ ಹಿಂದಿನ ಸಾಲಿನಲ್ಲಿದ್ದವು. ಬಿಸಿಲು ಬಿದ್ದ ಮಗ್ಗುಲಲ್ಲಿ ಕಾಯಿಯ ಬಣ್ಣ ಇಳಿಯುತ್ತಿತ್ತು. ಇಳಿದ ಬಣ್ಣ ಯಾವ ದೇವರ ವರಕ್ಕೂ ತಿರುಗಿ ಬರುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಬ್ಯಾಡಗಿಯಲ್ಲಿ ಯಾರಿದ್ದರು?

ಮೂರನೇ ದಿನ ಮನೋಹರ ಮತ್ತೆ ಬಂದ. ಎದುರಿಗೆ ಕುಕ್ಕುರುಗಾಲಲ್ಲಿ ಕೂತ. "ಇನ್ನೂ ಹೊತ್ತು ಮೀರಿಲ್ಲ ಅಕ್ಕಾರ. ಸಾವ್ಕಾರ್ರ ಹೆಸರಿಗೆ ನಾನ ಬದಲಿ ಮಾಡ್ತೇನಿ. ಸುಮ್ಮನ ಯಾಕ ಕಾಯಿ ಹಾಳ ಮಾಡ್ಕೋತೀರಿ?"

"ಹನ್ನೆರಡು ವರ್ಷ ಇಲ್ಲಿ ದುಡದೇನಿ. ಒಬ್ಬರೂ ನಿನ್ನ ಹೆಸರೇನು ಅಂತ ಕೇಳಲಿಲ್ಲ," ಅಂದಳು ಗುತ್ತೆವ್ವ. "ಏಳು ದಿನ ಓದ್ಲಿ."

ನಾಲ್ಕನೇ ದಿನ ಊಟದ ಹೊತ್ತಿಗೆ ಗೋದಾಮಿನ ಹೆಂಗಸರು ಹೊರಗೆ ಬಂದರು. ಅಕ್ಬರಬಿ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಗುತ್ತೆವ್ವನ ಕೈಗೆ ಕೊಟ್ಟಳು. ಕತ್ತೆತ್ತಿ ಟೀವಿ ನೋಡಿದಳು. ಓಡುವ ಸಾಲು, ಓಡುವ ಅಂಕಿ.

"ಇದರಾಗ ನಿಂದು ಯಾವುದಬೇ? ನಮಗ ಎಲ್ಲಾ ಇರವಿ ಸಾಲು ಕಂಡಂಗ ಕಾಣತೈತಿ."

ಗುತ್ತೆವ್ವ ರೊಟ್ಟಿ ಕೆಳಗಿಟ್ಟು ಎದ್ದಳು. ತುದಿಗಾಲಲ್ಲಿ ನಿಂತಳು. ಸಾಲು ಬರುವವರೆಗೆ ಕಾದಳು. ಬಂದ ಕೂಡಲೇ ತೋರುಬೆರಳನ್ನು ಗಾಜಿನ ಮೇಲೆ ಇಟ್ಟಳು.

"ಇದ."

"ಏಯ್!" ಹೇಮಪ್ಪ ಒಳಗಿನಿಂದ ಕೂಗಿದ. ಚಪ್ಪಲಿ ಮೆಟ್ಟದೆ ಓಡಿ ಬಂದ. "ಮುಟ್ಟಬ್ಯಾಡ ಅದನ್ನ! ತಗೀ ಕೈ! ತಗೀತೀಯೋ ಇಲ್ಲೋ?"

ಹೆಂಗಸರು ಅವನನ್ನು ನೋಡಿದರು. ಗುತ್ತೆವ್ವ ನೋಡಲಿಲ್ಲ. ಸಾಲು ಮೇಲಕ್ಕೆ ಸರಿಯಿತು. ಅವಳು ಬೆರಳು ಎತ್ತದೆ, ಗಾಜಿನ ಮೇಲೆ ಗೀರುತ್ತ, ಅದರ ಜೊತೆಗೇ ಮೇಲಕ್ಕೆ ಹೋದಳು.